ಬೆಳೆಯುತ್ತಿರುವ ಕಪ್ಪುಕುಳಿಗಳನ್ನು ಎಣಿಸಲು ಯಾವ ಎಕ್ಸ್-ರೇ ಸರ್ವೆ? ಕರಾವಳಿಯ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಕರಾವಳಿಯಲ್ಲಿ ಕೂತು ಖಗೋಳದ ಪ್ರಾಜೆಕ್ಟ್ ಮಾಡುತ್ತೇನೆಂದು ಹೊರಟವರಿಗೆ ಮೊದಲು ಅಡ್ಡ ಬರುವುದು ಆಕಾಶವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಉಳಿದ ತಿಂಗಳುಗಳಲ್ಲಿ ಸಮುದ್ರದ ತೇವ, ಮೇಲಿಂದ ಮಂಗಳೂರಿನ ದೀಪಗಳ ಪ್ರಭೆ. ಎಕ್ಸ್-ರೇ ಖಗೋಳಕ್ಕೆ ಈ ತಾಪತ್ರಯವಿಲ್ಲ. ಆ ಕಿರಣಗಳು ವಾತಾವರಣ ದಾಟಿ ನೆಲಕ್ಕೆ ಬರುವುದೇ ಇಲ್ಲ, ಹಾಗಾಗಿ ಆಗುಂಬೆಯವರೂ ಅಟಕಾಮಾದವರೂ ಇಲ್ಲಿ ಸಮಾನರು. ಉಪಗ್ರಹಗಳು ಇಪ್ಪತ್ತೈದು ವರ್ಷಗಳಿಂದ ಕೂಡಿಟ್ಟ ದತ್ತಾಂಶದ ಬಹುಪಾಲು ಯಾರಿಗೂ ಪುಕ್ಕಟೆ ಸಿಗುತ್ತದೆ. ಹೊರಗೆ ಆಟಿಯ ಮಳೆ ಹೊಡೆಯುತ್ತಿದ್ದರೂ ಕೊಣಾಜೆಯ ಅಥವಾ ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ಕೂತು ಸಾವಿರ ಕೋಟಿ ವರ್ಷ ಹಿಂದಿನ ಕಪ್ಪುಕುಳಿಗಳ ಲೆಕ್ಕ ಹಾಕಬಹುದು.

ತೊಡಕಿರುವುದು ಆಯ್ಕೆಯಲ್ಲಿ. ಆಕಾಶದ ಒಂದು ಪಾಲನ್ನು ನೋಡಿ ಎಕ್ಸ್-ರೇ ಮೂಲಗಳ ಪಟ್ಟಿ ಮಾಡುವ ಸರ್ವೆಗಳು ಹತ್ತಾರು ಉಂಟು. ಪ್ರಾಜೆಕ್ಟ್ ಹುಡುಕುವ ಹುಡುಗರು ಹೆಚ್ಚಾಗಿ ಎಲ್ಲಕ್ಕಿಂತ ಆಳದ್ದಕ್ಕೋ ಎಲ್ಲಕ್ಕಿಂತ ದೊಡ್ಡದಕ್ಕೋ ಕೈ ಹಾಕುತ್ತಾರೆ. ನನ್ನ ಅಭಿಪ್ರಾಯ ಬೇರೆ. ಎಕ್ಸ್-ರೇ ಚುಕ್ಕೆ ಸಿಕ್ಕಿತೆಂದರೆ ಅರ್ಧ ಕೆಲಸ ಮಾತ್ರ ಆಯಿತು. ಆ ಚುಕ್ಕೆ ಯಾವ ಗೆಲಾಕ್ಸಿಯದು, ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಯಾರಾದರೂ ಮೊದಲೇ ಪತ್ತೆಹಚ್ಚಿ ಇಟ್ಟಿದ್ದಾರೆಯೇ? ಒಬ್ಬರೇ ಕೂತು ಒಂದು ವರ್ಷದಲ್ಲಿ ಮುಗಿಸಬೇಕಾದ ಕೆಲಸ ಈ ಪ್ರಶ್ನೆಯ ಮೇಲೆ ನಿಲ್ಲುತ್ತದೆ.

ಎಕ್ಸ್-ರೇಯೇ ಯಾಕೆ?

ಕಪ್ಪುಕುಳಿ ತಾನಾಗಿ ಬೆಳಗುವುದಿಲ್ಲ. ಅದರತ್ತ ಬೀಳುವ ಅನಿಲ ತಟ್ಟೆಯಾಗಿ ಸುತ್ತುತ್ತಾ ಕಾದು ನೇರಳಾತೀತ ಬೆಳಕು ಸೂಸುತ್ತದೆ. ಕುಳಿಯ ತೀರ ಹತ್ತಿರ ನೂರು ಕೋಟಿ ಡಿಗ್ರಿಯ ಮಟ್ಟದಲ್ಲಿ ಕುದಿಯುವ ಎಲೆಕ್ಟ್ರಾನುಗಳ ಮೋಡವೊಂದಿದೆ, ಅದಕ್ಕೆ ಕರೋನಾ ಎಂದು ಹೆಸರು. ತಟ್ಟೆಯ ಬೆಳಕು ಅದಕ್ಕೆ ತಾಗಿ ಎಕ್ಸ್-ರೇ ಆಗಿ ಹೊರಬೀಳುತ್ತದೆ. ಬೀಳುವ ದ್ರವ್ಯದ ಸುಮಾರು ಶೇ 10ರಷ್ಟು ಹೀಗೆ ಶಕ್ತಿಯಾಗುತ್ತದೆ. ನಕ್ಷತ್ರದೊಳಗೆ ಹೈಡ್ರೋಜನ್ ಉರಿದರೆ ಸಿಗುವುದು ಶೇ 0.7 ಮಾತ್ರ. ಅಂದರೆ ಎಕ್ಸ್-ರೇ ಕಂಡಲ್ಲಿ ಕುಳಿ ಈಗ ಉಣ್ಣುತ್ತಿದೆ, ಬೆಳೆಯುತ್ತಿದೆ ಎಂದು ತಿಳಿಯಬಹುದು.

ಬೇರೆ ದಾರಿಗಳೂ ಉಂಟು. ಸಾಮಾನ್ಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ರೋಹಿತದಲ್ಲಿ ಆಮ್ಲಜನಕ, ಸಾರಜನಕದ ಗೆರೆಗಳ ಅನುಪಾತ ನೋಡಿ ಕುಳಿ ಉಣ್ಣುತ್ತಿರುವ ಸಕ್ರಿಯ ಗೆಲಾಕ್ಸಿ ಕೇಂದ್ರಗಳನ್ನು ಗುರುತಿಸುವ ವಿಧಾನ 1981ರಿಂದ ಬಳಕೆಯಲ್ಲಿದೆ. ಆದರೆ ಧೂಳು ಮುಚ್ಚಿದ ಕುಳಿಗಳು ಅದರಲ್ಲಿ ತಪ್ಪಿಹೋಗುತ್ತವೆ, ಮಂಕಾದವು ಗೆಲಾಕ್ಸಿಯ ಸ್ವಂತ ಬೆಳಕಿನಲ್ಲಿ ಮುಳುಗುತ್ತವೆ. ಧೂಳು ಕಾದು ಸೂಸುವ ಅವಕೆಂಪು ಬೆಳಕನ್ನು 2009ರಲ್ಲಿ ಹಾರಿದ ವೈಸ್ ಉಪಗ್ರಹ ಇಡೀ ಆಕಾಶದಲ್ಲಿ ಅಳೆಯಿತು. ಅದರ ಬಣ್ಣದ ಲೆಕ್ಕ ಪ್ರಖರ ಕುಳಿಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕುಳಿ ಸ್ವಲ್ಪ ಸಪ್ಪೆಯಾದರೆ ಗೆಲಾಕ್ಸಿಯ ಬಣ್ಣವೇ ಗೆಲ್ಲುತ್ತದೆ. ರೇಡಿಯೊದಲ್ಲಿ ಜೋರಾಗಿ ಕೂಗುವವು ಹತ್ತರಲ್ಲಿ ಒಂದು ಮಾತ್ರ.

ಎಕ್ಸ್-ರೇಯಲ್ಲಿ ನಕ್ಷತ್ರಗಳ ಗಲಾಟೆ ಕಡಿಮೆ. ಸೆಕೆಂಡಿಗೆ 10ರ 42ನೇ ಘಾತದಷ್ಟು ಅರ್ಗ್ (ಶಕ್ತಿಯ ಒಂದು ಮಾನ) ದಾಟಿದ ಎಕ್ಸ್-ರೇ ಮೂಲ ಗೆಲಾಕ್ಸಿಯ ನಡುವೆ ಸಿಕ್ಕರೆ ಅದು ಬಹುತೇಕ ಕಪ್ಪುಕುಳಿಯೇ ಎಂದು ಹಿಡಿದುಕೊಳ್ಳುತ್ತಾರೆ. ಅನಿಲದ ಸಾಧಾರಣ ಪರದೆಯನ್ನು 2ರಿಂದ 10 ಕೆಇವಿ (ಸಾವಿರ ಎಲೆಕ್ಟ್ರಾನ್-ವೋಲ್ಟ್) ಶಕ್ತಿಯ ಕಿರಣಗಳು ದಾಟಿ ಬರುತ್ತವೆ. ಚದರ ಸೆಂಟಿಮೀಟರಿಗೆ 10ರ 24ನೇ ಘಾತಕ್ಕಿಂತ ಹೆಚ್ಚು ಹೈಡ್ರೋಜನ್ ಪರಮಾಣುಗಳು ಎದುರಿಗಿದ್ದರೆ ಮಾತ್ರ ಎಕ್ಸ್-ರೇಯೂ ಸೋಲುತ್ತದೆ. ಅಂಥವನ್ನು ಕಾಂಪ್ಟನ್-ದಟ್ಟ ಎನ್ನುತ್ತಾರೆ. ಅವುಗಳ ಕಥೆ ಮುಂದೆ ಬರುತ್ತದೆ.

ಬಲು ಆಳ, ಬಲು ಕಿರಿದು: ಚಂದ್ರಾ ಡೀಪ್ ಫೀಲ್ಡ್ ಸೌತ್

1999ರ ಜುಲೈಯಲ್ಲಿ ಹಾರಿದ ಚಂದ್ರಾ ದೂರದರ್ಶಕಕ್ಕೆ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು. ಅದರ ದೃಷ್ಟಿ ಅರ್ಧ ಆರ್ಕ್‌ಸೆಕೆಂಡ್ ಚುರುಕು (ಒಂದು ಡಿಗ್ರಿಯ 60ನೇ ಒಂದು ಪಾಲು ಆರ್ಕ್‌ಮಿನಿಟ್, ಅದರ 60ನೇ ಒಂದು ಪಾಲು ಆರ್ಕ್‌ಸೆಕೆಂಡ್), ಇಂದಿಗೂ ಎಕ್ಸ್-ರೇಯಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ದಕ್ಷಿಣದ ಫಾರ್ನಾಕ್ಸ್ ನಕ್ಷತ್ರಪುಂಜದ ಒಂದು ತುಂಡು ಆಕಾಶವನ್ನು ಅದು 1999ರಿಂದ 2016ರವರೆಗೆ ಮತ್ತೆ ಮತ್ತೆ ನೋಡಿ ಒಟ್ಟು 70 ಲಕ್ಷ ಸೆಕೆಂಡು ಕೂಡಿಸಿತು. ಎಂದರೆ ಹಗಲಿರುಳು 81 ದಿನ. ಆ ತುಂಡು 484 ಚದರ ಆರ್ಕ್‌ಮಿನಿಟ್, ಹುಣ್ಣಿಮೆ ಚಂದ್ರನ ಮುಕ್ಕಾಲು ಭಾಗವೂ ಇಲ್ಲ. ಸಿಕ್ಕ ಮೂಲಗಳು 1008, ಅವುಗಳಲ್ಲಿ 711 ಬೆಳೆಯುತ್ತಿರುವ ಕಪ್ಪುಕುಳಿಗಳು. ನಡುಭಾಗದ ಸಾಂದ್ರತೆ ಹಿಡಿದರೆ ಒಂದು ಚದರ ಡಿಗ್ರಿಗೆ ಸುಮಾರು 23,900 ಕುಳಿಗಳು.

ಆ ಜಾಗವನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಅಲ್ಲಿ ನಮ್ಮ ಹಾಲುಹಾದಿಯ ಹೈಡ್ರೋಜನ್ ಪರದೆ ತೆಳು, ಅಡ್ಡ ಬರುವ ಪ್ರಖರ ನಕ್ಷತ್ರಗಳೂ ಇಲ್ಲ. ಡಿಸೆಂಬರ್ ರಾತ್ರಿ ಮಲ್ಪೆಯ ಕಡಲ ಕರೆಯಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರದಲ್ಲಿ ಅದು ಬರುತ್ತದೆ. ಕಣ್ಣಿಗೆ ಏನೂ ಕಾಣದ ಖಾಲಿ ಜಾಗ. ಖಾಲಿ ಇದ್ದುದೇ ಅದರ ಯೋಗ್ಯತೆ.

ಈಗ ಕೊರತೆಗಳು. ಮೊದಲನೆಯದು, ತೀರ ಮಂಕಾದ ಮೂಲಗಳಿಂದ ಇಷ್ಟು ಕಾದ ಮೇಲೂ ಬಂದದ್ದು ಹತ್ತಿಪ್ಪತ್ತು ಫೋಟಾನು. ಅಷ್ಟರಲ್ಲಿ ರೋಹಿತ ಬಿಡಿಸಿ ಏನನ್ನೂ ಗಟ್ಟಿಯಾಗಿ ಹೇಳಲಾಗದು. ಎರಡನೆಯದು, ಅಷ್ಟು ಆಳಕ್ಕೆ ಇಳಿದಾಗ ಕಪ್ಪುಕುಳಿಯಲ್ಲದ ಸಾದಾ ಗೆಲಾಕ್ಸಿಗಳೂ ಎದ್ದು ಬರುತ್ತವೆ. ಅವುಗಳೊಳಗಿನ ಜೋಡಿ ನಕ್ಷತ್ರಗಳ ಎಕ್ಸ್-ರೇ ಅದು. ಮೃದು, ಅಂದರೆ ಕಡಿಮೆ ಶಕ್ತಿಯ, ಕಿರಣಗಳ ತೀರ ಮಂಕು ತುದಿಯಲ್ಲಿ ಅವುಗಳ ಸಂಖ್ಯೆಯೇ ಹೆಚ್ಚು. ಆಳ ಹೆಚ್ಚಾದಷ್ಟೂ ಕುಳಿಗಳು ಹೆಚ್ಚು ಎಂಬ ಲೆಕ್ಕ ಹಾಗೇ ಮುಂದುವರಿಯುವುದಿಲ್ಲ. ಮೂರನೆಯದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು: ಜಾಗ ಕಿರಿದು. ಬ್ರಹ್ಮಾಂಡ ಹಿಗ್ಗುವುದರಿಂದ ಬೆಳಕಿನ ಅಲೆ ಎಷ್ಟು ಉದ್ದವಾಯಿತೆಂಬ ಅಳತೆಯೇ ಕೆಂಪುಪಲ್ಲಟ, ದೂರ ತಿಳಿಯುವುದು ಅದರಿಂದಲೇ. 0.67 ಮತ್ತು 0.73 ಕೆಂಪುಪಲ್ಲಟಗಳಲ್ಲಿ ಅಲ್ಲಿ ಗೆಲಾಕ್ಸಿಗಳ ಗುಂಪುಗಾರಿಕೆ ಇದೆ. ಆ ದೂರದಲ್ಲಿ ಕುಳಿಗಳು ಜಾಸ್ತಿ ಎಂದು ನಿಮ್ಮ ಗ್ರಾಫ್ ಹೇಳಿದರೆ ಅದು ಬ್ರಹ್ಮಾಂಡದ ಮಾತಲ್ಲ, ಆ ಓಣಿಯ ಮಾತು.

ಇನ್ನೊಂದು ಸೂಕ್ಷ್ಮ ಉಂಟು. ಚಂದ್ರಾದ ಡಿಟೆಕ್ಟರಿನ ಎದುರಿನ ಫಿಲ್ಟರಿನ ಮೇಲೆ ವರ್ಷಗಳಿಂದ ಕೊಳೆ ಕೂರುತ್ತಾ ಬಂದಿದೆ. ಕಡಿಮೆ ಶಕ್ತಿಯ ಕಿರಣಗಳಿಗೆ ಅದರ ಗ್ರಹಣಶಕ್ತಿ ಇಳಿದಿದೆ. 2000ದ ಚಿತ್ರವನ್ನೂ 2015ರ ಚಿತ್ರವನ್ನೂ ಕೂಡಿಸುವಾಗ ಎರಡರ ಸೆಕೆಂಡುಗಳನ್ನು ಸಮ ಎಂದು ಎಣಿಸಬಾರದು, ಪ್ರತಿ ವೀಕ್ಷಣೆಯ ಕ್ಯಾಲಿಬ್ರೇಷನ್ ಬೇರೆ ಬೇರೆ ಹಾಕಬೇಕು.

ಇಷ್ಟೆಲ್ಲ ಹೇಳಿದರೂ ಒಂದು ಕೆಲಸಕ್ಕೆ ಇದಕ್ಕೆ ಸಾಟಿ ಇಲ್ಲ: ಕಾಲದ ಜೊತೆ ಬದಲಾಗುವುದನ್ನು ನೋಡುವುದಕ್ಕೆ. ಹದಿನಾರು ವರ್ಷ ಅದೇ ಕುಳಿಗಳನ್ನು ಮರಳಿ ಮರಳಿ ನೋಡಿದ ದಾಖಲೆ ಇನ್ನೆಲ್ಲಿ ಸಿಗುತ್ತದೆ?

ಇಡೀ ಆಕಾಶ, ಮೇಲುಮೇಲಿಗೆ: ಇರೋಸಿಟಾ

ಇನ್ನೊಂದು ತುದಿಯಲ್ಲಿ ಜರ್ಮನಿಯ ಎಕ್ಸ್-ರೇ ದೂರದರ್ಶಕ ಇರೋಸಿಟಾ ಇದೆ. ರಷ್ಯದ ಸ್ಪೆಕ್ಟರ್-ಆರ್‌ಜಿ ನೌಕೆಯೇರಿ 2019ರ ಜುಲೈಯಲ್ಲಿ ಬೈಕನೂರಿನಿಂದ ಹೊರಟಿತು. ಆರು ತಿಂಗಳಿಗೊಮ್ಮೆ ಇಡೀ ಆಕಾಶ ಗುಡಿಸುವಂತೆ ಎಂಟು ಸುತ್ತು ಯೋಜಿಸಿದ್ದರು. ನಾಲ್ಕು ಮುಗಿದಿದ್ದವು. 2022ರ ಫೆಬ್ರುವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಗುತ್ತಲೇ ಉಪಕರಣವನ್ನು ಮಲಗಿಸಿದರು. ಮೊದಲ ಸುತ್ತಿನ ಅರ್ಧ ಆಕಾಶದ ಪಟ್ಟಿ 2024ರ ಜನವರಿ 31ರಂದು ಹೊರಬಂತು: ಸುಮಾರು 9 ಲಕ್ಷ ಮೂಲಗಳು, ಅವುಗಳಲ್ಲಿ ಸುಮಾರು 7.1 ಲಕ್ಷ ಕಪ್ಪುಕುಳಿಗಳು. ಉಳಿದರ್ಧ ಆಕಾಶದ ಹಕ್ಕು ರಷ್ಯದ ಪಾಲಿನದು, ಈ ಪಟ್ಟಿಯಲ್ಲಿ ಅದಿಲ್ಲ.

7 ಲಕ್ಷ ಎಂದರೆ ಬಾಯಿ ಬಿಡಬೇಕಾದ ಸಂಖ್ಯೆ. ಆದರೆ ಚದರ ಡಿಗ್ರಿಗೆ ಹಂಚಿದರೆ ಸುಮಾರು 34. ಹಿಂದೆ ಹೇಳಿದ 23,900ರ ಪಕ್ಕ ಇಟ್ಟು ನೋಡಿ. ಈ ಸರ್ವೆಯ ಕಣ್ಣಿಗೆ ಬೀಳುವುದು ಒಂದೋ ಹತ್ತಿರದವು, ಇಲ್ಲವೇ ದೂರದಲ್ಲಿದ್ದೂ ಭಾರಿ ಪ್ರಖರವಾದವು. ಅಪರೂಪದ ದೈತ್ಯ ಕ್ವೇಸಾರುಗಳು (ಭರದಿಂದ ಉಣ್ಣುವ, ಅತಿ ಪ್ರಖರ ಕುಳಿಗಳು) ಬೇಕೆಂದರೆ ಅಗಲವೇ ಗತಿ. ಚಂದ್ರನಗಲದ ಜಾಗದಲ್ಲಿ ಎಷ್ಟು ಹೊತ್ತು ಕಾದರೂ ಅಂಥದ್ದು ಅಲ್ಲಿ ಇಲ್ಲದಿದ್ದರೆ ಇಲ್ಲ, ಅಷ್ಟೆ.

ಇರೋಸಿಟಾದ ನೋಟ ಸರ್ವೆ ಸ್ಥಿತಿಯಲ್ಲಿ ಮೂವತ್ತು ಆರ್ಕ್‌ಸೆಕೆಂಡ್ ಆಸುಪಾಸಿನದು. ರಾತ್ರಿ ಪಣಂಬೂರಿನ ಕಡಲ ಕರೆಯಿಂದ ದೂರದ ದೋಣಿಗಳ ದೀಪ ನೋಡಿದಾಗ ಎರಡು ಮೂರು ದೋಣಿ ಸೇರಿ ಒಂದೇ ಬೆಳಕಾಗಿ ಕಾಣುವುದಿಲ್ಲವೇ, ಇದೂ ಹಾಗೆ. ಆ ಮಬ್ಬು ಚುಕ್ಕೆಯೊಳಗೆ ಸಾಮಾನ್ಯ ಬೆಳಕಿನ ಚಿತ್ರದಲ್ಲಿ ಹಲವು ಗೆಲಾಕ್ಸಿಗಳು ಬೀಳುತ್ತವೆ. ನಮ್ಮ ಕುಳಿ ಯಾವುದರಲ್ಲಿದೆ ಎಂದು ಸಂಭಾವ್ಯತೆಯ ಲೆಕ್ಕದಿಂದ ತೀರ್ಮಾನಿಸಬೇಕು. ಮೇಲಾಗಿ ಅದರ ಮುಖ್ಯ ಪಟ್ಟಿ 0.2ರಿಂದ 2.3 ಕೆಇವಿಯ ಮೃದು ಕಿರಣಗಳದು. ಪರದೆಯ ಹಿಂದಿನ ಕುಳಿಗಳು ಮೊದಲು ಕಳೆದುಕೊಳ್ಳುವುದೇ ಆ ಕಿರಣಗಳನ್ನು. 'ಬೆಳೆಯುವ ಎಲ್ಲ ಕುಳಿಗಳ ಪಟ್ಟಿ' ಎಂದು ಇದನ್ನು ಬಳಸಿದರೆ ಮುಚ್ಚಿಕೊಂಡವರನ್ನೆಲ್ಲ ಬಿಟ್ಟು ಜನಗಣತಿ ಮಾಡಿದಂತಾಗುತ್ತದೆ.

ನನ್ನ ಮತ ಕಾಸ್ಮಾಸ್‌ಗೆ

ಇವೆರಡರ ನಡುವೆ ಕಾಸ್ಮಾಸ್ ಎಂಬ ಆಕಾಶದ ತುಂಡಿನ ಸರ್ವೆ ಇದೆ. ಸಿಂಹರಾಶಿಯ ಮಘಾ ನಕ್ಷತ್ರದಿಂದ ಸ್ವಲ್ಪ ದಕ್ಷಿಣಕ್ಕೆ, ಖಗೋಳ ವಿಷುವದ್ವೃತ್ತದ ಹತ್ತಿರ, ಸೆಕ್ಸ್ಟನ್ಸ್ ಪುಂಜದಲ್ಲಿ. ವಿಷುವದ್ವೃತ್ತದ ಬಳಿ ಇರುವುದೇ ಅದರ ಭಾಗ್ಯ: ಹವಾಯಿಯಿಂದಲೂ ಚಿಲಿಯಿಂದಲೂ ಕಾಣುತ್ತದೆ, ಹಾಗಾಗಿ ಜಗತ್ತಿನ ದೊಡ್ಡ ದೂರದರ್ಶಕಗಳೆಲ್ಲ ಅಲ್ಲಿಗೆ ಕಣ್ಣು ಹಾಯಿಸಿವೆ. ಹಬಲ್, ಸ್ಪಿಟ್ಜರ್, ವಿಎಲ್‌ಎ, ಸುಬಾರು, ಈಗ ಜೇಮ್ಸ್ ವೆಬ್.

ಚಂದ್ರಾ ಅಲ್ಲಿ 46 ಲಕ್ಷ ಸೆಕೆಂಡನ್ನು 2.2 ಚದರ ಡಿಗ್ರಿಗೆ ಹಂಚಿತು. ಹತ್ತು ಹುಣ್ಣಿಮೆ ಚಂದ್ರರನ್ನು ಒತ್ತೊತ್ತಾಗಿ ಇಡಬಹುದಾದ ಜಾಗ. ಮೂಲಗಳು 4016. ಫಾರ್ನಾಕ್ಸಿನ ಸರ್ವೆ ಮುಟ್ಟುವ ಮಂಕುಮಿತಿಗೆ ಹೋಲಿಸಿದರೆ ಇದು ಮೂವತ್ತಕ್ಕೂ ಹೆಚ್ಚು ಪಟ್ಟು ಮೇಲೆಯೇ ನಿಂತುಬಿಡುತ್ತದೆ, ಆದರೆ ಇರೋಸಿಟಾದ ಮೊದಲ ಸುತ್ತಿಗಿಂತ ಇನ್ನೂರು ಪಟ್ಟಿನ ಮಟ್ಟಿಗೆ ಆಳ. ಈ ಮಧ್ಯಮ ಆಳದಲ್ಲಿ ಸಿಗುವವರೇ ಮುಖ್ಯರು. ಕಪ್ಪುಕುಳಿಗಳು ಒಟ್ಟಾರೆ ಭರದಿಂದ ಬೆಳೆದದ್ದು ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ. ಆ ಕಾಲದ ಬೆಳವಣಿಗೆಯ ಹೆಚ್ಚಿನ ಪಾಲು ಹೊತ್ತ ನಡುಗಾತ್ರದ ಪ್ರಖರತೆಯ ಕುಳಿಗಳು ಇಲ್ಲಿ ನೂರಾರು ಸಂಖ್ಯೆಯಲ್ಲಿವೆ, ಬೇಕಾದಷ್ಟು ಫೋಟಾನುಗಳ ಸಮೇತ.

ಇನ್ನು ನಾನು ಮೊದಲೇ ಎತ್ತಿದ ವಿಷಯ. ಈ 4016ರಲ್ಲಿ ಸುಮಾರು ಶೇ 97ಕ್ಕೆ ಸಾಮಾನ್ಯ ಬೆಳಕಿನ ಅಥವಾ ಅವಕೆಂಪಿನ ಜೋಡಿ ಸಿಕ್ಕಿದೆ. ಅರ್ಧಕ್ಕಿಂತ ಹೆಚ್ಚಿನವಕ್ಕೆ ರೋಹಿತದಿಂದಲೇ ಅಳೆದ ಕೆಂಪುಪಲ್ಲಟ ಉಂಟು, ಉಳಿದವಕ್ಕೆ ಬಣ್ಣಗಳಿಂದ ಅಂದಾಜಿಸಿದ್ದು. ಗೆಲಾಕ್ಸಿಯ ನಕ್ಷತ್ರರಾಶಿ, ಹೊಸ ನಕ್ಷತ್ರ ಹುಟ್ಟುವ ವೇಗ ಎಲ್ಲ ಬೇರೆ ಪಟ್ಟಿಗಳಲ್ಲಿ ಸಿದ್ಧ. ಎರಡು ಪಟ್ಟಿಗಳನ್ನು ಸ್ಥಾನದಿಂದ ಜೋಡಿಸಿದರೆ 'ವೇಗವಾಗಿ ನಕ್ಷತ್ರ ಹುಟ್ಟಿಸುವ ಗೆಲಾಕ್ಸಿಗಳಲ್ಲೇ ಕುಳಿಗಳೂ ವೇಗವಾಗಿ ಬೆಳೆಯುತ್ತವೆಯೇ' ಎಂಬ ಪ್ರಶ್ನೆಗೆ ನಿಮ್ಮದೇ ಗ್ರಾಫ್ ಬರುತ್ತದೆ. ದೂರದರ್ಶಕದ ಸಮಯಕ್ಕೆ ಅರ್ಜಿ ಹಾಕುವ ಅಗತ್ಯವೇ ಬೀಳುವುದಿಲ್ಲ.

ಶುರುಮಾಡಲು ಒಳ್ಳೆಯ ಕೆಲಸ ಗಡಸುತನದ ಅನುಪಾತ. ಗಡಸು, ಅಂದರೆ ಹೆಚ್ಚು ಶಕ್ತಿಯ, ಕಿರಣಗಳ ಎಣಿಕೆಯಿಂದ ಮೃದು ಕಿರಣಗಳ ಎಣಿಕೆ ಕಳೆದು ಎರಡರ ಮೊತ್ತದಿಂದ ಭಾಗಿಸಿ. ಉತ್ತರ ಒಂದರ ಹತ್ತಿರ ಹೋದಷ್ಟೂ ಪರದೆ ದಪ್ಪ. ಆದರೆ ದೂರ ಹೋದಂತೆ ಕೆಂಪುಪಲ್ಲಟ ರೋಹಿತವನ್ನೆಲ್ಲ ಕೆಳಗೆ ಜಾರಿಸುತ್ತದೆ, ಪರದೆ ಇದ್ದ ಕುಳಿಯೂ ಮೃದುವಾಗಿ ಕಾಣುತ್ತದೆ. ಇದನ್ನು ಕೆಂಪುಪಲ್ಲಟದ ಜೊತೆ ಗ್ರಾಫಿನಲ್ಲಿ ಇಡದೆ ಬರೀ ಅನುಪಾತದ ಮೇಲೆ ತೀರ್ಪು ಕೊಡಬೇಡಿ.

ಗಡಸು ಕಿರಣ ಯಾರಿಗೆ ಬೇಕು?

ಇದೇ ಜಾರುವಿಕೆಯಿಂದ ಒಂದು ಲಾಭವೂ ಇದೆ. ಕೆಂಪುಪಲ್ಲಟ 2ರಲ್ಲಿರುವ ಕುಳಿಯಿಂದ 7 ಕೆಇವಿಯಲ್ಲಿ ನಮಗೆ ತಲುಪುವ ಕಿರಣ ಹೊರಟಾಗ 21 ಕೆಇವಿ ಇತ್ತು. ಅಂದರೆ ದೂರದ ಕುಳಿಗಳ ಗಡಸು ಕಿರಣ ತಾನಾಗಿಯೇ ಚಂದ್ರಾದ ಕಿಟಕಿಯೊಳಗೆ ಬಂದು ಬೀಳುತ್ತದೆ. ಗಡಸು ಕಿರಣದ ಉಪಗ್ರಹ ನಿಜವಾಗಿ ಬೇಕಾಗುವುದು ಹತ್ತಿರದ ಗೆಲಾಕ್ಸಿಗಳಿಗೆ. ಇದು ಹಲವರು ತಲೆಕೆಳಗಾಗಿ ತಿಳಿದಿರುವ ಸಂಗತಿ.

ಹತ್ತಿರದ ಲೆಕ್ಕಕ್ಕೆ ಸ್ವಿಫ್ಟ್ ಉಪಗ್ರಹದ ಬ್ಯಾಟ್ ಉಪಕರಣ ಉಂಟು, 14ರಿಂದ 195 ಕೆಇವಿ, ಇಡೀ ಆಕಾಶ. ಅದರ 105 ತಿಂಗಳ ಪಟ್ಟಿಯಲ್ಲಿ 1632 ಮೂಲಗಳು. ಇದರ 70 ತಿಂಗಳ ದತ್ತಾಂಶದಲ್ಲಿ ಕಾಂಪ್ಟನ್-ದಟ್ಟ ಕುಳಿಗಳು ಶೇ 7.6 ಮಾತ್ರ ಕಂಡವು. ಇಷ್ಟು ಗಡಸು ಕಿರಣವೂ ಪರದೆಯಲ್ಲಿ ಸೊರಗುತ್ತದೆ ಎಂಬುದನ್ನು ಸರಿದೂಗಿಸಿದಾಗ ನಿಜವಾದ ಪಾಲು ಶೇ 27ರಷ್ಟಾಯಿತು. ಎಣಿಸಿದ್ದಕ್ಕೂ ಇರುವುದಕ್ಕೂ ನಡುವಿನ ಈ ಅಂತರವನ್ನು ಯಾವ ಸರ್ವೆ ಹಿಡಿದರೂ ನೀವು ಎದುರಿಸಬೇಕು.

2012ರಲ್ಲಿ ಹಾರಿದ ನ್ಯೂಸ್ಟಾರ್ ಹತ್ತು ಮೀಟರ್ ಉದ್ದದ ತೋಳು ಚಾಚಿ 3ರಿಂದ 79 ಕೆಇವಿಯ ಚಿತ್ರ ತೆಗೆಯುತ್ತದೆ. ಕಾಸ್ಮಾಸಿನ 1.7 ಚದರ ಡಿಗ್ರಿಯಲ್ಲಿ ಅದಕ್ಕೆ ಸಿಕ್ಕಿದ್ದು 91 ಮೂಲ. ಅಂಕಿಅಂಶದ ಪ್ರಾಜೆಕ್ಟಿಗೆ ಸಾಲದು. ಕಾಸ್ಮಾಸಿನ ಪಟ್ಟಿಯಲ್ಲಿ ಒಂದಿಷ್ಟು ಕುಳಿಗಳ ಪರದೆಯನ್ನು ಪರೀಕ್ಷಿಸಿ ನೋಡಲು ಸಾಕು. ಆಕಾಶದ ಎಕ್ಸ್-ರೇ ಹಿನ್ನೆಲೆ ಪ್ರಕಾಶ ಶಿಖರ ಮುಟ್ಟುವುದು 20-30 ಕೆಇವಿಯಲ್ಲಿ. 1962ರಲ್ಲಿ ರಿಕಾರ್ಡೊ ಜಕೋನಿಯವರ ತಂಡ ರಾಕೆಟ್ ಹಾರಿಸಿ ಮೊದಲು ಕಂಡ ಆ ಪ್ರಕಾಶ. 8ರಿಂದ 24 ಕೆಇವಿ ನಡುವೆ ಅದರ ಮೂರನೇ ಒಂದರಷ್ಟನ್ನು ಮಾತ್ರ ನ್ಯೂಸ್ಟಾರ್ ಬಿಡಿ ಬಿಡಿ ಮೂಲಗಳಾಗಿ ಒಡೆದು ತೋರಿಸಿದೆ.

ಎಕ್ಸ್‌ಎಂಎಂ-ನ್ಯೂಟನ್ ಎಂಬ ಯುರೋಪಿನ ಎಕ್ಸ್-ರೇ ಉಪಗ್ರಹದ ಬಗ್ಗೆ ಎರಡೇ ಮಾತು. ಚಂದ್ರಾಗಿಂತ ಹೆಚ್ಚು ಫೋಟಾನ್ ಹಿಡಿಯುತ್ತದೆ, ನೋಟ ಅಷ್ಟು ಚುರುಕಲ್ಲ. ನಿಮಗೆ ಬೇಕಾದ ಗೆಲಾಕ್ಸಿ ಒಂದೇ ಆಗಿ, ಅದರ ರೋಹಿತ ಬಿಡಿಸಬೇಕಿದ್ದರೆ ಮೊದಲು ಇಲ್ಲಿ ಹುಡುಕಿ.

ವೆಬ್ ತಂದ ಗೊಂದಲ

2022ರಿಂದ ಜೇಮ್ಸ್ ವೆಬ್ ಪುಟ್ಟ ಕೆಂಪು ಚುಕ್ಕೆಗಳ ಹಿಂಡನ್ನೇ ಕಾಣಿಸಿದೆ. ರೋಹಿತದ ಅಗಲ ಗೆರೆಗಳನ್ನು ನೋಡಿದರೆ ಬೆಳೆಯುವ ಕಪ್ಪುಕುಳಿಗಳು ಅನ್ನಿಸುತ್ತದೆ. ಚಂದ್ರಾದ ಅತ್ಯಂತ ಆಳದ ಚಿತ್ರಗಳಲ್ಲಿ ಅವುಗಳಲ್ಲಿ ಬಹುಪಾಲು ಕಾಣುವುದೇ ಇಲ್ಲ. ಪರದೆ ಅಷ್ಟು ದಪ್ಪವೋ, ಕರೋನಾವೇ ದುರ್ಬಲವೋ, ಕುಳಿಗಳ ತೂಕವನ್ನೇ ಹೆಚ್ಚು ಅಂದಾಜಿಸಿದ್ದೋ, ಇದರ ವಾದ ನಡೆಯುತ್ತಲೇ ಇದೆ. 'ಎಕ್ಸ್-ರೇ ಸರ್ವೆ ಎಂದರೆ ಕುಳಿಗಳ ಪೂರ್ತಿ ಲೆಕ್ಕ' ಎಂದು ಇಪ್ಪತ್ತು ವರ್ಷ ಧೈರ್ಯವಾಗಿ ಹೇಳುತ್ತಿದ್ದವರು ಈಗ ಸ್ವಲ್ಪ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದಾರೆ.

ಇದಕ್ಕೆ ಎದುರು ಉದಾಹರಣೆಯೂ ಇದೆ. ಏಬೆಲ್ 2744 ಎಂಬ ಗೆಲಾಕ್ಸಿ ಸಮೂಹದ ಗುರುತ್ವ ಹಿಂದಿನ ಬೆಳಕನ್ನು ಬಾಗಿಸಿ ಹಿಗ್ಗಿಸುವ ಮಸೂರವಾಗಿದೆ, ಅದರ ಹಿಂದೆ ಯುಎಚ್‌ಝಡ್1 ಎಂಬ ಗೆಲಾಕ್ಸಿಯಲ್ಲಿ ಚಂದ್ರಾ ಎಕ್ಸ್-ರೇ ಕಂಡಿತು. 2023ರ ನವೆಂಬರಿನಲ್ಲಿ ಪ್ರಕಟವಾಯಿತು. ಬ್ರಹ್ಮಾಂಡಕ್ಕೆ ಆಗ 47 ಕೋಟಿ ವರ್ಷ ವಯಸ್ಸು. ಈ ಶೋಧದ ತಂಡದಲ್ಲಿ ಭಾರತ ಮೂಲದ ಖಗೋಳವಿಜ್ಞಾನಿ ಪ್ರಿಯಂವದಾ ನಟರಾಜನ್ ಇದ್ದರು. ಎಂಎಸ್ಸಿ ಮಟ್ಟಕ್ಕೆ ಇದು ಪ್ರಾಜೆಕ್ಟ್ ಆಗದು, ಸೆಮಿನಾರಿಗೆ ಬಹಳ ಚಂದ.

ಕೆಂಪು ಚುಕ್ಕೆಗಳ ಹಿಂದೆ ಹೋಗಲೇಬೇಕೆಂದರೆ ದಾರಿ ರಾಶಿ ಹಾಕುವುದು: ನೂರಾರು ಚುಕ್ಕೆಗಳ ಜಾಗದ ಎಕ್ಸ್-ರೇ ಚಿತ್ರದ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ಸಂಕೇತ ಏಳುತ್ತದೆಯೇ ನೋಡುವುದು. ಚಂದ್ರಾದ ಆಳದ ಚಿತ್ರಗಳ ಮೇಲೆ ಈ ಕೆಲಸ ಮಾಡಲು ಸಿಸ್ಟ್ಯಾಕ್ ಎಂಬ ಆನ್‌ಲೈನ್ ಸಲಕರಣೆಯೇ ಇದೆ. ಇಲ್ಲಿ ಮಾತ್ರ ಕಾಸ್ಮಾಸ್ ಬಿಟ್ಟು ಆಳದ ಫೀಲ್ಡ್‌ಗೆ ಹೋಗಿ.

ನಮ್ಮ ಆಸ್ಟ್ರೊಸ್ಯಾಟ್?

ಮಣಿಪಾಲದಲ್ಲಾಗಲಿ ಉಡುಪಿಯಲ್ಲಾಗಲಿ ಈ ವಿಷಯ ಎತ್ತಿದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ನಮ್ಮದೇ ಉಪಗ್ರಹ ಇರುವಾಗ ಅಮೆರಿಕದ್ದು ಯಾಕೆ ಮಾರಾಯ್ರೆ? ಪ್ರಶ್ನೆ ಸರಿಯಾದದ್ದೇ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟಿನ ಮೃದು ಎಕ್ಸ್-ರೇ ದೂರದರ್ಶಕದ ನೋಟ ಆರ್ಕ್‌ಮಿನಿಟ್‌ಗಳ ಲೆಕ್ಕದ್ದು, ಮಂಕು ಮೂಲಗಳ ಸರ್ವೆಗೆ ಅದನ್ನು ಕಟ್ಟಿದ್ದೇ ಅಲ್ಲ. ಹತ್ತಿರದ ಪ್ರಖರ ಕುಳಿಯೊಂದು ಗಂಟೆಗಂಟೆಗೆ ಹೇಗೆ ಏರಿಳಿಯುತ್ತದೆ, ಅದೇ ಹೊತ್ತಿಗೆ ನೇರಳಾತೀತದಲ್ಲಿ ಏನಾಗುತ್ತದೆ ಎಂದು ಒಟ್ಟಿಗೆ ನೋಡುವುದು ಅದರ ಬಲ. ಬಿಡದಿ ಹತ್ತಿರದ ಬ್ಯಾಲಾಳುವಿನ ಇಸ್ರೊ ದತ್ತಾಂಶ ಕೇಂದ್ರದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಹಳೆಯ ವೀಕ್ಷಣೆಗಳು ಸಿಗುತ್ತವೆ.

ಅದರ ನೇರಳಾತೀತ ದೂರದರ್ಶಕ ಫಾರ್ನಾಕ್ಸಿನ ಅದೇ ಆಳದ ತುಂಡನ್ನು 2016ರಲ್ಲಿ ನೋಡಿದೆ. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ತೀವ್ರ ನೇರಳಾತೀತ ಬೆಳಕು ಸೋರುವುದನ್ನು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ಅವರ ತಂಡ 2020ರಲ್ಲಿ ಅಲ್ಲೇ ಕಂಡುಹಿಡಿದದ್ದು. ಚಂದ್ರಾದ ಎಕ್ಸ್-ರೇ ಪಟ್ಟಿಯನ್ನೂ ಆಸ್ಟ್ರೊಸ್ಯಾಟಿನ ನೇರಳಾತೀತ ಚಿತ್ರವನ್ನೂ ಜೋಡಿಸುವ ಕೆಲಸ ಸ್ವದೇಶಿಯೂ ಹೌದು, ಹೊಸತೂ ಹೌದು.

ಕೊನೆಗೆ ಕಂಪ್ಯೂಟರಿನ ಮಾತು. ಪಟ್ಟಿಗಳೊಂದಿಗೆ ಮಾತ್ರ ಕೆಲಸವಾದರೆ ಅವನ್ನು ಜೋಡಿಸುವ ತಂತ್ರಾಂಶ ಟಾಪ್‌ಕ್ಯಾಟ್ ಮತ್ತು ಪೈಥಾನ್ ಸಾಕು, ಹಳೆಯ ಲ್ಯಾಪ್‌ಟಾಪೂ ನಡೆಯುತ್ತದೆ. ಕಾಸ್ಮಾಸಿನ ಇಡೀ ಎಕ್ಸ್-ರೇ ಪಟ್ಟಿ ಮೊಬೈಲ್ ಡೇಟಾದಲ್ಲೂ ಇಳಿಯುವಷ್ಟು ಚಿಕ್ಕದು. ಚಿತ್ರಗಳನ್ನೇ ಬಿಡಿಸುತ್ತೇನೆ ಎನ್ನುವವರಿಗೆ ಚಂದ್ರಾದ ಸಿಯಾವೊ ತಂತ್ರಾಂಶ ಬೇಕು. ಅದು ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಓಡುತ್ತದೆ, ವಿಂಡೋಸ್ ಇದ್ದರೆ ಒಳಗೊಂದು ಲಿನಕ್ಸ್ ಹಾಕಿಕೊಳ್ಳಬೇಕು. ಕ್ಯಾಲಿಬ್ರೇಷನ್ ಕಡತಗಳ ಗಾತ್ರ ದೊಡ್ಡದು. ಗುಡುಗು ಮಿಂಚಿಗೆ ಕರೆಂಟು ಹೋಗುವ ದಿನಗಳು ಶುರುವಾಗುವ ಮೊದಲೇ, ಮೇ ಮೊದಲ ವಾರದೊಳಗೆ, ವಿಭಾಗದ ಇಂಟರ್ನೆಟ್‌ನಲ್ಲಿ ಇಳಿಸಿಟ್ಟುಕೊಳ್ಳಿ.